ಸೊಲ್ಲಾಪುರಕ್ಕೆ ಹೋದ ಸಣ್ಣ ಮುತ್ಯಾ: ವಂಶವೃಕ್ಷದ ಜಾಲತಾಣಗಳನ್ನು ಬಳಸಿ ನೋಡಿದ ಮೇಲೆ

ನಮ್ಮ ಕಲಬುರಗಿಯಲ್ಲಿ ವಂಶವೃಕ್ಷ ಎಂದ ಕೂಡಲೇ ಎದುರಿಗಿದ್ದವರಿಗೆ ನೆನಪಾಗುವುದು ನಾಡಕಚೇರಿ. ಮನೆಯ ಹಿರಿಯರು ತೀರಿಕೊಂಡ ಮೇಲೆ ಹೊಲದ ಖಾತೆ ಮಕ್ಕಳ ಹೆಸರಿಗೆ ಬದಲಾಗಬೇಕಾದರೆ ಅಫಿಡವಿಟ್ಟು, ಪಂಚರ ಸಹಿ, ತಲಾಠಿಯ ವರದಿ ಎಲ್ಲವನ್ನೂ ಜೋಡಿಸಿ ಪಡೆಯಬೇಕಾದ ಕಾಗದಕ್ಕೆ ಇಲ್ಲಿ ಆ ಹೆಸರು. ಹೀಗಾಗಿ, ನಾನು 14 ತಿಂಗಳಿನಿಂದ ಕಂಪ್ಯೂಟರಿನ ಮುಂದೆ ಕುಳಿತು ಮನೆತನದ ವಂಶವೃಕ್ಷ ಬರೆಯುತ್ತಿದ್ದೇನೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ನನ್ನ ತಮ್ಮ ಕೇಳಿದ ಮೊದಲ ಮಾತು, "ಯಾವ ಸರ್ವೆ ನಂಬರಿಂದು, ಅಕ್ಕಾ?" ಎಂಬುದು. ಯಾವ ಸರ್ವೆ ನಂಬರಿನದೂ ಅಲ್ಲ, ಬಿಟ್ಟುಹೋದ ಬಳಗವನ್ನು ಹುಡುಕುತ್ತಿದ್ದೇನೆ ಎಂದಾಗ ಅವನ ಆತಂಕ ಕಡಿಮೆಯಾಗುವ ಬದಲು ಹೆಚ್ಚಾಯಿತು. ಇರುವ ಪಾಲುದಾರರೇ ಸಾಕಾಗಿರುವಾಗ ಇನ್ನೊಬ್ಬರನ್ನು ದುಡ್ಡು ಕೊಟ್ಟು ಹುಡುಕಿ ತರುವುದು ಯಾವ ಜಾಣತನ ಎಂದು ಅವನು ಕೇಳಿದ. ಈ ಅನುಮಾನ ಅವನೊಬ್ಬನದಲ್ಲ. ಬಂಧುಗಳಿರಬಹುದೆಂದು ಊಹಿಸಿ ನಾನು ಪತ್ರ ಬರೆದವರ ಮನಸ್ಸಿನಲ್ಲಿಯೂ ಇದೇ ಇತ್ತು. ಆದ್ದರಿಂದ ಈ ತಾಣಗಳ ಅಂದಚಂದ, ವೇಗ, ದರಗಳ ಮಾತನ್ನು ಹಿಂದಕ್ಕಿಟ್ಟು, ಒಬ್ಬರನ್ನೊಬ್ಬರು ಕಂಡರಿಯದವರ ನಡುವೆ ಮಾತು ಶುರುವಾಗಲು ಅವು ಎಷ್ಟು ನೆರವಾಗುತ್ತವೆ ಎಂಬ ಒಂದೇ ಅಳತೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಡುಕಲು ಹೊರಟದ್ದು ಒಬ್ಬರನ್ನು. ನಮ್ಮ ಮುತ್ಯಾನ, ಅಂದರೆ ಅಜ್ಜನ, ಬೆನ್ನಿಗೆ ಹುಟ್ಟಿದ ತಮ್ಮ, ನಾವು ಸಣ್ಣ ಮುತ್ಯಾ ಎಂದು ಕೇಳಿ ಮಾತ್ರ ಬಲ್ಲ ಮನುಷ್ಯ, ಮದುವೆಯಾದ ಒಂದೆರಡು ವರ್ಷಗಳಲ್ಲಿ ಆಳಂದ ತಾಲೂಕಿನ ನಮ್ಮ ಊರು ಬಿಟ್ಟು ಸೊಲ್ಲಾಪುರದ ಬಟ್ಟೆ ಗಿರಣಿಗೆ ದುಡಿಯಲು ಹೋದವರು. 1871ರಲ್ಲಿ ರೈಲು ಹಳಿ ರಾಯಚೂರು ಮುಟ್ಟಿತ್ತು, 1877ರಲ್ಲಿ ಸೊಲ್ಲಾಪುರದ ಜುನಿ ಮಿಲ್ ಶುರುವಾಗಿತ್ತು. ಮಳೆ ಕೈಕೊಟ್ಟ ವರ್ಷ ನಮ್ಮ ಭಾಗದವರು ಗಂಟು ಕಟ್ಟಿಕೊಂಡು ಹೊರಡುತ್ತಿದ್ದದ್ದು ಆ ದಿಕ್ಕಿಗೇ. ಆದರೆ ಅದು ನಿಜಾಮನ ಸೀಮೆಯಿಂದ ಬ್ರಿಟಿಷರ ಮುಂಬೈ ಪ್ರಾಂತಕ್ಕೆ, ಅಂದರೆ ಆಚೆಯವರು ಮೊಗಲಾಯಿ ಎಂದು ಕರೆಯುತ್ತಿದ್ದ ನಾಡಿನಿಂದ ಬೇರೊಂದು ಸರಕಾರದ ನಾಡಿಗೆ ದಾಟಿದಂತೆ. ಮೊದಲ ಕೆಲವು ವರ್ಷ ಜಾತ್ರೆಗೆ ಬಂದು ಹೋಗುತ್ತಿದ್ದರು, ಆಮೇಲೆ ಬರಲಿಲ್ಲ ಎಂಬಲ್ಲಿಗೆ ನಮ್ಮ ಆಯಿಯ (ಅಜ್ಜಿಯ) ನೆನಪು ಮುಗಿಯುತ್ತಿತ್ತು.

ಬಳಸಿ ನೋಡಿದ ತಾಣಗಳಲ್ಲಿ ಮೊದಲು ಹೇಳಬೇಕಾದದ್ದು ಫ್ಯಾಮಿಲಿಸರ್ಚ್. ಇದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ, ಮಾರ್ಮನ್ ಎಂದು ಜನ ಕರೆಯುವ ಕ್ರೈಸ್ತ ಪಂಥದ ಚರ್ಚು ಇದನ್ನು ನಡೆಸುತ್ತದೆ. 1894ರಲ್ಲಿ ಆರಂಭವಾದ ಅವರ ವಂಶಾವಳಿ ಸಂಘ 1938ರಿಂದ ದೇಶದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುತ್ತ ಬಂದು, 1999ರಲ್ಲಿ ಜಾಲತಾಣ ತೆರೆಯಿತು. ತೀರಿಹೋದ ಪೂರ್ವಜರ ಪರವಾಗಿ ದೀಕ್ಷೆಯಂಥ ವಿಧಿಗಳನ್ನು ನೆರವೇರಿಸುವುದು ಆ ಪಂಥದ ನಂಬಿಕೆಯ ಭಾಗವಾದ್ದರಿಂದಲೇ ಅವರಿಗೆ ವಂಶಾವಳಿಯಲ್ಲಿ ಇಷ್ಟೊಂದು ಆಸಕ್ತಿ. ಇದನ್ನು ಅರಿತು ಹೆಸರು ಸೇರಿಸುವುದು ಒಳ್ಳೆಯದು, ಏಕೆಂದರೆ ಕೆಲವು ಮನೆಗಳಲ್ಲಿ ಇದಕ್ಕೆ ಆಕ್ಷೇಪ ಬರಬಹುದು. ಎರಡನೆಯದು 2008ರಲ್ಲಿ ಆರಂಭವಾದ ವಿಕಿಟ್ರೀ, ಅದೂ ಉಚಿತ. ಮೂರನೆಯದು ಜೀನಿ, ನಾಲ್ಕನೆಯದು ಇಸ್ರೇಲಿನ ಮೈಹೆರಿಟೇಜ್. 2003ರಲ್ಲಿ ಹುಟ್ಟಿದ ಮೈಹೆರಿಟೇಜ್ ಕಂಪನಿ 2012ರಲ್ಲಿ ಜೀನಿಯನ್ನು ಕೊಂಡುಕೊಂಡಿತು. ಮೊದಲ ಮೂರರಲ್ಲಿ ಎಲ್ಲರೂ ಸೇರಿ ಬೆಳೆಸುವ ಒಂದೇ ದೊಡ್ಡ ಮರವಿದೆ. ಮೈಹೆರಿಟೇಜಿನಲ್ಲಿ ಅವರವರ ಮರ ಅವರವರದು, ಎರಡು ಮರಗಳಲ್ಲಿ ಒಂದೇ ವ್ಯಕ್ತಿ ಇರಬಹುದೆಂದು ಯಂತ್ರ ಸೂಚನೆ ಕೊಡುತ್ತದೆ. ಎಲ್ಲದರಲ್ಲಿಯೂ ಬದುಕಿರುವವರ ವಿವರಗಳಿಗೆ ಮರೆ ಇದೆ, ತೀರಿಹೋದವರ ವಿವರ ಹೆಚ್ಚಾಗಿ ತೆರೆದಿರುತ್ತದೆ.

ದಾಖಲೆಗಳ ಭಾಗದಿಂದ ನಮಗೆ ಸಿಕ್ಕದ್ದು ಬಹಳ ಕಡಿಮೆ, ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಭಾರತದ ಜನನ, ಮದುವೆ, ಮರಣಗಳೆಂದು ಫ್ಯಾಮಿಲಿಸರ್ಚ್ ತೋರಿಸುವ ಹಳೆಯ ಸೂಚಿಗಳಲ್ಲಿ ಹೆಚ್ಚಿನವು ಚರ್ಚುಗಳ ದಾಖಲೆಗಳು, ಅಲ್ಲಿರುವವರು ಹೆಚ್ಚಾಗಿ ಯುರೋಪಿಯನ್ನರು ಮತ್ತು ಕ್ರೈಸ್ತರು. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಜನಗಣತಿಯ ಮನೆಮನೆಯ ಹಾಳೆಗಳನ್ನು ತೆರೆದಿಡುತ್ತಾರೆ, 1950ರ ಗಣತಿ 2022ರ ಏಪ್ರಿಲ್ 1ರಂದು ಹೊರಬಂತು. ಇಂಗ್ಲೆಂಡಿನ 1921ರ ಗಣತಿ 2022ರ ಜನವರಿಯಲ್ಲಿ ಬಂತು. ನಮ್ಮ 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನ ಪ್ರಕಾರ ಗಣತಿಯ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ. ಜನನ ಮರಣ ನೋಂದಣಿಯ ಈಗಿನ ಕಾಯಿದೆ ಬಂದದ್ದೇ 1969ರಲ್ಲಿ. ಇನ್ನು ನಿಜಾಮರ ಕಾಲದ ಕಂದಾಯ ಕಾಗದಗಳು ಉರ್ದುವಿನಲ್ಲಿವೆ, ಕೆಲವು ಕುಲಕರ್ಣಿ ಮನೆತನಗಳ ದಫ್ತರಗಳು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿವೆ, ಅವು ತಹಶೀಲ ಕಚೇರಿಯ ಕೋಣೆಯಲ್ಲೋ ಯಾರದೋ ಮನೆಯ ಟ್ರಂಕಿನಲ್ಲೋ ಇರುತ್ತವೆಯೇ ಹೊರತು ಸಾಲ್ಟ್ ಲೇಕ್ ಸಿಟಿಯ ಕಂಪ್ಯೂಟರಿನಲ್ಲಿ ಅಲ್ಲ. ನನ್ನ ಹತ್ತಿರವಿದ್ದ ಒಂದೇ ಒಂದು ಪಹಣಿ ನಕಲನ್ನು ಓದಿಕೊಟ್ಟವರು ನನ್ನೊಡನೆ ಇಪ್ಪತ್ತು ವರ್ಷ ಪಾಠ ಮಾಡಿದ ಉರ್ದು ಶಿಕ್ಷಕಿ. ಅವರ ಮನೆಯಲ್ಲಿ ಚಹಾ ಕುಡಿಯುತ್ತ ಕಳೆದ ಒಂದು ಸಂಜೆಯಲ್ಲಿ ತಿಳಿದದ್ದು, ಆರು ತಿಂಗಳ ಹುಡುಕಾಟದಲ್ಲಿ ಸಿಕ್ಕದ್ದಕ್ಕಿಂತ ಹೆಚ್ಚು. ಆದ್ದರಿಂದ ನಮ್ಮ ಭಾಗದವರಿಗೆ ಈ ತಾಣಗಳ ನಿಜವಾದ ಉಪಯೋಗ ಕಪಾಟಿನಲ್ಲಿಲ್ಲ, ಅಂಚೆ ಡಬ್ಬಿಯಲ್ಲಿದೆ. ಕಾಗದ ಇಲ್ಲದ ಕಡೆ ಮನುಷ್ಯರನ್ನೇ ಕೇಳಬೇಕು, ಮತ್ತು ಆ ಮನುಷ್ಯರು ಈಗ ಪುಣೆಯಲ್ಲೋ ಟೊರಾಂಟೋದಲ್ಲೋ ಇದ್ದಾರೆ.

ಅವರನ್ನು ಮುಟ್ಟುವ ಮೊದಲು ಹೆಸರುಗಳ ತೊಡಕನ್ನು ದಾಟಬೇಕಾಗುತ್ತದೆ. ಅಡ್ಡಹೆಸರು ಒಂದೇ ಆಗಿದ್ದರೆ ರಕ್ತ ಒಂದೇ ಇರಬಹುದು ಎಂಬ ಲೆಕ್ಕದ ಮೇಲೆ ಈ ತಾಣಗಳನ್ನು ಕಟ್ಟಲಾಗಿದೆ. ಪಾಟೀಲ, ಬಿರಾದಾರ, ಕುಲಕರ್ಣಿ, ದೇಶಮುಖ, ತಳವಾರ ಇವೆಲ್ಲ ಮಾಡುತ್ತಿದ್ದ ಕೆಲಸದಿಂದ ಬಂದ ಹೆಸರುಗಳು, ಊರಿಗೊಬ್ಬ ಪಾಟೀಲ ಇದ್ದೇ ಇರುತ್ತಾನೆ, ಹಿರೇಮಠವಂತೂ ಮಠವಿದ್ದಲ್ಲೆಲ್ಲ ಇದೆ ಎಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ನಾನು ಖಾತೆ ತೆರೆದ ಮೊದಲ ವಾರವೇ ಒಂದು ತಾಣ ನನಗೆ ಬಂಧುಗಳೆಂದು ತೋರಿಸಿದವರಲ್ಲಿ ಗುಜರಾತಿನ ಪಟೇಲರೂ ಇದ್ದರು. ಇನ್ನೊಂದು ಮುಕ್ತ ತಾಣದಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಮುತ್ಯಾನನ್ನು ಅದೇ ಹೆಸರಿನ ಬೇರೆ ಊರಿನ ಪಾಟೀಲರೊಬ್ಬರ ಜೊತೆ ಒಂದು ಮಾಡಿಬಿಟ್ಟು, ನಮ್ಮ ಆಯಿಗೆ ಒಬ್ಬ ಸವತಿಯನ್ನು ತಂದಿಟ್ಟಿದ್ದರು. ಹಳೆಯ ಬದಲಾವಣೆಗಳ ಪಟ್ಟಿ ಉಳಿದಿದ್ದರಿಂದ ಬಿಡಿಸಿ ಸರಿಪಡಿಸಲು ಸಾಧ್ಯವಾಯಿತು, ಆದರೆ ಎರಡು ದಿನ ಹಿಡಿಯಿತು.

ಊರಿನ ಹೆಸರಿನಲ್ಲಿಯೂ ಇದೇ ಕಥೆ. 1935ರಲ್ಲಿ ಯಾದಗಿರಿಯಲ್ಲಿ ಹುಟ್ಟಿದವರನ್ನು ತೆಗೆದುಕೊಳ್ಳೋಣ. ಆಗ ಅದು ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವಾಯಿತು, 1973ರಲ್ಲಿ ಕರ್ನಾಟಕ. ಆಮೇಲೆ ಯಾದಗಿರಿಯೇ ಪ್ರತ್ಯೇಕ ಜಿಲ್ಲೆಯಾಯಿತು, 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು. ಮನುಷ್ಯ ಕುಳಿತಲ್ಲಿಂದ ಏಳದಿದ್ದರೂ ವಿಳಾಸ ಮತ್ತೆ ಮತ್ತೆ ಬದಲಾಗಿದೆ. ಬೀದರಿನವರ ಪಾಡು ಇದಕ್ಕಿಂತ ಕಷ್ಟ: 1956ರಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಗಿ ಉದಗೀರ, ನಿಲಂಗಾ ಕಡೆಯ ಊರುಗಳು ಆಚೆಗೆ, ಜಹೀರಾಬಾದ, ನಾರಾಯಣಖೇಡ ಇನ್ನೊಂದು ಆಚೆಗೆ ಹೋದವು, ಒಂದೇ ಮನೆಯ ಬೀಗರು ಈಗ ಮೂರು ರಾಜ್ಯಗಳ ಪಟ್ಟಿಯಲ್ಲಿದ್ದಾರೆ. ಹುಡುಕುವಾಗ ಈ ಎಲ್ಲ ಹೆಸರುಗಳನ್ನೂ, ಇಂಗ್ಲಿಷಿನ ಎರಡು ಮೂರು ಕಾಗುಣಿತಗಳಲ್ಲಿ, ಒಂದಾದ ಮೇಲೊಂದು ಹಾಕಿ ನೋಡಬೇಕು. ಅನುಮಾನದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅನುಮಾನದ ತುದಿಗೆ ನಕ್ಷತ್ರ ಹಾಕಿದರೆ ಫ್ಯಾಮಿಲಿಸರ್ಚ್ ಎಲ್ಲ ಸಾಧ್ಯತೆಗಳನ್ನೂ ತೋರಿಸುತ್ತದೆ, ಇದು ಬಹಳ ಉಪಯೋಗಕ್ಕೆ ಬಂತು.

ಎಂಟು ತಿಂಗಳು ನಾನು ಹುಡುಕಿದ್ದು ನಮ್ಮ ಅಡ್ಡಹೆಸರಿನಿಂದ. ಏನೂ ಸಿಗಲಿಲ್ಲ. ಒಂದು ದಿನ ಅಕ್ಕಲಕೋಟದಿಂದ ಬಂದಿದ್ದ ಬೀಗರೊಬ್ಬರು ಮಾತಿನ ನಡುವೆ, ಸೊಲ್ಲಾಪುರದ ಗಿರಣಿಯಲ್ಲಿ ಪಾಟೀಲರೆಂದರೆ ನೂರು ಮಂದಿ ಇದ್ದರು, ಮುಕಾದಮರು (ಕೆಲಸಗಾರರ ಮೇಲ್ವಿಚಾರಕರು) ಊರ ಹೆಸರು ಹಿಡಿದೇ ಕರೆಯುತ್ತಿದ್ದರು ಎಂದರು. ಅಂದು ರಾತ್ರಿಯೇ ಅಡ್ಡಹೆಸರಿನ ಜಾಗದಲ್ಲಿ ನಮ್ಮ ಊರಿನ ಹೆಸರಿಗೆ ಮರಾಠಿಯ ರೀತಿಯಲ್ಲಿ 'ಕರ' ಸೇರಿಸಿ ಹಾಕಿದೆ. ಮೂರು ನಮೂದುಗಳು ಬಂದವು, ಒಂದರಲ್ಲಿ ಸಣ್ಣ ಮುತ್ಯಾನ ಹೆಸರಿತ್ತು: ಹುಟ್ಟಿದ್ದು ಸುಮಾರು 1912, ಗುಲ್ಬರ್ಗಾ, ತೀರಿದ್ದು ಸೊಲ್ಲಾಪುರ. ತಂದೆಯ ಹೆಸರಿನ ಜಾಗ ಖಾಲಿ. ನಮೂದಿಸಿದವರು ಕೆನಡಾದಲ್ಲಿದ್ದರು.

ಇಲ್ಲಿಂದ ಮುಂದೆ ಕೆಲಸ ತಾಣದ್ದಲ್ಲ, ನಮ್ಮದು. ಫ್ಯಾಮಿಲಿಸರ್ಚಿನಲ್ಲಿ ನಮೂದಿಸಿದವರ ಹೆಸರನ್ನು ಒತ್ತಿದರೆ ಸಂದೇಶ ಬರೆಯುವ ಚೌಕ ತೆರೆಯುತ್ತದೆ. ಅವರ ಇಮೇಲ್ ನಮಗೆ ಕಾಣುವುದಿಲ್ಲ, ನಮ್ಮದು ಅವರಿಗೆ ಕಾಣುವುದಿಲ್ಲ, ಹಾಗಾಗಿ ಬೇಡವೆನಿಸಿದರೆ ಸುಮ್ಮನಿರುವ ಹಕ್ಕು ಇಬ್ಬರಿಗೂ ಉಳಿಯುತ್ತದೆ. ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಮೊದಲಿನ ತಿಂಗಳುಗಳಲ್ಲಿ ಬೇರೆಯವರಿಗೆ ನಾನು ಬರೆದ ಏಳು ಸಂದೇಶಗಳಿಗೆ ಒಂದೇ ಒಂದು ಉತ್ತರ ಬಂದಿತ್ತು, ಅದೂ "ನಮ್ಮ ಹೊಲದ ವಿಷಯ ನಮ್ಮ ವಕೀಲರನ್ನು ಕೇಳಿ" ಎಂದು. ಈಗ ಆ ಸಂದೇಶಗಳನ್ನು ಓದಿದರೆ ನನಗೇ ನಾಚಿಕೆಯಾಗುತ್ತದೆ: ನೀವು ನಮ್ಮ ಬಂಧುಗಳಿರಬೇಕು, ನಿಮ್ಮ ತಂದೆಯವರ ಪೂರ್ಣ ಹೆಸರು, ಈಗಿನ ವಿಳಾಸ, ಫೋನ್ ನಂಬರು ಕಳುಹಿಸಿ ಎಂದು ಬರೆದಿದ್ದೆ. ಲಾಟರಿ ಬಂದಿದೆ ಎನ್ನುವ ಮೋಸದ ಇಮೇಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಕೆನಡಾದವರಿಗೆ ಬರೆಯುವಾಗ ದಾರಿ ಬದಲಿಸಿದೆ. ಮೊದಲು ನಾನು ಯಾರು ಎಂದು ಎರಡು ಸಾಲಿನಲ್ಲಿ ಹೇಳಿ, ಅವರ ನಮೂದಿನ ಗುರುತಿನ ಸಂಖ್ಯೆಯನ್ನು, ಅಂದರೆ ತಾಣ ಪ್ರತಿಯೊಬ್ಬರಿಗೂ ಕೊಡುವ ನಾಲ್ಕು ಮತ್ತು ಮೂರು ಅಕ್ಷರಗಳ ಸಂಕೇತವನ್ನು, ಬರೆದೆ. ನಮ್ಮ ಮುತ್ಯಾನ ತಮ್ಮನ ಬಗ್ಗೆ ನಮ್ಮಲ್ಲಿ ಉಳಿದಿರುವ ನೆನಪು ಇಷ್ಟು ಎಂದು ತಿಳಿಸಿದೆ. ಊರ ಹೆಸರು, ನಮ್ಮ ಬೆಡಗು (ಗೋತ್ರದಂಥ ಕುಲದ ಹೆಸರು), ಮನೆದೇವರು ಹುಮನಾಬಾದಿನ ವೀರಭದ್ರೇಶ್ವರ ಎಂಬುದನ್ನು ಕೊಟ್ಟೆ. ಇದರಲ್ಲಿ ಆಸ್ತಿಯ ವಿಷಯ ಏನೂ ಇಲ್ಲ, ಉತ್ತರಿಸಲು ಇಷ್ಟವಿಲ್ಲದಿದ್ದರೆ ಬೇಸರವಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಮನೆಯಲ್ಲಿ ಯಾವ ದೇವರಿಗೆ ನಡೆದುಕೊಳ್ಳುತ್ತೀರಿ? ಇಂಗ್ಲಿಷಿನ ಕೆಳಗೆ ಅದನ್ನೇ ಮರಾಠಿಯಲ್ಲಿಯೂ ಬರೆದೆ, ಏಕೆಂದರೆ ಸೊಲ್ಲಾಪುರದಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಮನೆಮಾತಾಗಿ ಉಳಿದಿದ್ದರೂ ಓದಲು ಬರುವುದು ಕಡಿಮೆ.

ಉತ್ತರ ಬಂದದ್ದು 19ನೆಯ ದಿನ. ಬರೆದವರು ಸಣ್ಣ ಮುತ್ಯಾನ ಮರಿಮಗ. ಅಜ್ಜಿ ಬದುಕಿರುವತನಕ ಹುಮನಾಬಾದಿನ ಜಾತ್ರೆಗೆ ಕರೆದೊಯ್ಯುತ್ತಿದ್ದರು, ಯಾಕೆ ಅಷ್ಟು ದೂರ ಎಂದು ಯಾರೂ ಹೇಳಿರಲಿಲ್ಲ ಎಂದು ಬರೆದಿದ್ದರು. ಜೊತೆಗೆ ಪುಣೆಯ ಮನೆಯಿಂದ ತರಿಸಿಕೊಂಡ ಒಂದು ಚಿತ್ರ: ಹಿತ್ತಾಳೆಯ ಹಳೆಯ ಪರಾತ, ಬೆನ್ನಿನ ಮೇಲೆ ಚಾಣದಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಮೂರು ಸಾಲು. ಅಕ್ಷರಗಳು ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಕನ್ನಡದ ಅಂಕಿಗಳು ದೇವನಾಗರಿ ಅಂಕಿಗಳನ್ನು ಹೋಲುವುದರಿಂದ ಕೊನೆಯ ಸಾಲಿನ 1341 ಎಂಬುದನ್ನು ಅವರು ಓದಿಕೊಂಡು, ತಮ್ಮ ಮನೆಯಲ್ಲಿ ಏಳುನೂರು ವರ್ಷದ ಪಾತ್ರೆ ಇದೆಯೆಂದು ಹಿಗ್ಗಿದ್ದರು. ಬಹಮನಿ ರಾಜ್ಯವೇ ಕಲಬುರಗಿಯಲ್ಲಿ ತಲೆಯೆತ್ತಿದ್ದು 1347ರಲ್ಲಿ. ಅದಕ್ಕಿಂತ ಹಳೆಯ ಪರಾತ ನಮ್ಮ ಬಳಗದಲ್ಲಿದ್ದರೆ ಸಂತೋಷವೇ, ಆದರೆ ಅದು ಫಸಲಿ ಸನ. ನಿಜಾಮರ ಸರಕಾರದ ಲೆಕ್ಕವೆಲ್ಲ ಫಸಲಿಯಲ್ಲಿ ನಡೆಯುತ್ತಿತ್ತು, ಅದಕ್ಕೆ 590 ಸೇರಿಸಿದರೆ ಇಸವಿ ಸಿಗುತ್ತದೆ. 1341 ಎಂದರೆ 1931–32. ಆಯಿ ಹೇಳುತ್ತಿದ್ದ ಮದುವೆಯ ಕಾಲ ಅದೇ.

ಮೊದಲ ಸಾಲಿನಲ್ಲಿ ಸಣ್ಣ ಮುತ್ಯಾನ ಹೆಸರು ಮತ್ತು ಅವರ ತಂದೆಯ ಹೆಸರು, ಎರಡನೆಯದರಲ್ಲಿ ಆಯೇರಿ (ಮದುವೆಯ ಉಡುಗೊರೆ) ಕೊಟ್ಟ ಸೋದರಮಾವನ ಹೆಸರು ಮತ್ತು ಅವರ ಊರು. ಅದನ್ನು ಓದಿ ನಾನು ಎದ್ದು ಅಡಿಗೆಮನೆಗೆ ಹೋದೆ. ನಾನು ನಿತ್ಯ ಜೋಳದ ಹಿಟ್ಟು ನಾದುವ ಪರಾತ ನಮ್ಮ ಮುತ್ಯಾನ ಮದುವೆಯದು ಎಂದು ಗೊತ್ತಿತ್ತು, ಅದರ ಬೆನ್ನನ್ನು ತಿಕ್ಕಿ ತೊಳೆದದ್ದು ಬಿಟ್ಟರೆ ಒಂದು ದಿನವೂ ಓದಿರಲಿಲ್ಲ. ಹುಣಸೆಹಣ್ಣು ಹಚ್ಚಿ ಉಜ್ಜಿ ಬೆಳಕಿಗೆ ಹಿಡಿದಾಗ ಅದೇ ಸೋದರಮಾವನ ಹೆಸರು, ಅದೇ ಊರು, ಅಕ್ಷರ ಕೊರೆದ ಕೈಯೂ ಅದೇ ಇರಬೇಕು, ಸಾಲು ಅದೇ ರೀತಿ ಬಲಕ್ಕೆ ಇಳಿದಿತ್ತು. ಸನ ಮಾತ್ರ 1333. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಜೋಡಿಸಿ ಕಳುಹಿಸಿದೆ. ತಾಣದ ಲೆಕ್ಕದಲ್ಲಿ ಅವರೂ ನಾನೂ ಯಾವುದೋ ಎರಡನೆಯ ಕಸಿನ್, ಒಂದು ತಲೆಮಾರು ಆಚೆ. ನಮ್ಮ ಲೆಕ್ಕ ಸರಳವಾಗಿದೆ: ಅವರ ಅಪ್ಪ ನನಗೆ ತಮ್ಮ, ಹಾಗಾಗಿ ನಾನು ಅವರಿಗೆ ಅತ್ತಿ. ಮರುದಿನದ ಸಂದೇಶ ಮರಾಠಿಯಲ್ಲಿ, "ಆತ್ಯಾ" ಎಂದೇ ಶುರುವಾಗಿತ್ತು.

ಇಷ್ಟೆಲ್ಲ ಯಾಕೆ, ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೆ ಮುಗಿಯುತ್ತಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ಮುಗಿಯುತ್ತಿರಲಿಲ್ಲ. ಇಬ್ಬರ ನಡುವೆ ಹಂಚಿಕೆಯಾದ ಡಿಎನ್‌ಎಯನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಅಣ್ಣತಮ್ಮಂದಿರ ಮಕ್ಕಳಲ್ಲಿ ಅದು ಸರಾಸರಿ 866ರಷ್ಟು, ಮೊಮ್ಮಕ್ಕಳ ಹಂತದಲ್ಲಿ 229ರಷ್ಟು, ಮರಿಮಕ್ಕಳ ಹಂತಕ್ಕೆ 73ರಷ್ಟು ಇರುತ್ತದೆಂದು ಅಂತಾರಾಷ್ಟ್ರೀಯ ಹವ್ಯಾಸಿಗಳು ಸಂಗ್ರಹಿಸಿದ ಲೆಕ್ಕ ಹೇಳುತ್ತದೆ. ಈ ಲೆಕ್ಕಕ್ಕೆ ಒದಗಿದವರು ಹೆಚ್ಚಾಗಿ ಬಳಗದೊಳಗೆ ಮದುವೆಯಾಗದ ಸಮಾಜಗಳವರು. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ತಲೆತಲಾಂತರದಿಂದ ನಡೆದು ಬಂದಿದೆ. ಸೋದರಮಾವನನ್ನು ಮದುವೆಯಾದವಳ ಮಕ್ಕಳಲ್ಲಿ ಎಂಟರಲ್ಲೊಂದು ಪಾಲು ವಂಶವಾಹಿಗಳು ಎರಡೂ ಕಡೆಯಿಂದ ಒಂದೇ ಆಗಿ ಬರುವ ಸಂಭವವಿದೆ. ಅಂಥ ಮದುವೆ ಎರಡು ಮೂರು ಸಲ ನಡೆದ ಮನೆತನದಲ್ಲಿ ದೂರದ ಬಂಧುವೂ ಹತ್ತಿರದವನಂತೆ ಕಾಣಿಸುತ್ತಾನೆ. ಇದಲ್ಲದೆ ಇನ್ನೊಂದು ಕಾರಣ: 2023ರಲ್ಲಿ ಅಮೆರಿಕದ ಟ್ವೆಂಟಿತ್ರೀ ಆ್ಯಂಡ್ ಮಿ ಕಂಪನಿಯಿಂದ ಸುಮಾರು 69 ಲಕ್ಷ ಜನರ ವಿವರ ಸೋರಿಹೋದಾಗ ಕಳ್ಳರು ಅಷ್ಟೊಂದು ವಿವರ ಬಾಚಿಕೊಂಡದ್ದು ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕವೇ, ಮತ್ತು 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಬದಲಿಸಬಹುದು, ಎಂಜಲಿನಲ್ಲಿ ಬರೆದದ್ದನ್ನು ಬದಲಿಸಲಾಗುವುದಿಲ್ಲ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಚಂದಾ ಕಟ್ಟಿ ಸೇರಿದ ಒಂದು ತಾಣದಲ್ಲಿ, ಅದರ ಹೆಸರು ಬೇಡ, ಮೊದಲ ವರ್ಷದ ದರ ಕಡಿಮೆ ಇತ್ತು, ಎರಡನೆಯ ವರ್ಷಕ್ಕೆ ಹೆಚ್ಚುಕಡಿಮೆ ಇಮ್ಮಡಿ ಮಾಡಿ ತಾನಾಗಿಯೇ ಕಡಿತಗೊಳಿಸಲು ಹೊರಟಿತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು, ಬಂತು, ಹಾಗಾಗಿ ನಿಲ್ಲಿಸಿದೆ. ನಮ್ಮ ಭಾಗದ ದಾಖಲೆಗಳು ಅಲ್ಲಿ ಇಲ್ಲದಿರುವುದರಿಂದ ವರ್ಷದ ಚಂದಾ ಕಟ್ಟುವುದರಲ್ಲಿ ಅರ್ಥವಿಲ್ಲ. ಯಾರಾದರೂ ಬಂಧುವಿನ ಸುಳಿವು ಸಿಕ್ಕಿ, ಅವರಿಗೆ ಬರೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಒಂದು ತಿಂಗಳಿಗೆ ಕಟ್ಟಿ ಬಿಡಬಹುದು. ಹೊಸಬರು ಫ್ಯಾಮಿಲಿಸರ್ಚಿನಿಂದ ಶುರುಮಾಡುವುದು ಲೇಸು. ಪ್ರತಿಯೊಂದು ಮಾತಿಗೂ ಆಧಾರ ಬರೆಯುವ ತಾಳ್ಮೆ ಇರುವವರಿಗೆ ವಿಕಿಟ್ರೀ ಇನ್ನೂ ಒಳ್ಳೆಯದು, ಅಲ್ಲಿ ಹೆಸರುಗಳನ್ನು ಕಲಸುಮೇಲೋಗರ ಮಾಡುವವರು ಕಡಿಮೆ.

ಮೋಸದ ಬಗ್ಗೆ ಒಂದು ಅನುಭವ. ಸಂದೇಶ ಕಳುಹಿಸಿದ ಎರಡೇ ಗಂಟೆಯಲ್ಲಿ "ಹೌದು, ನಾನು ನಿಮ್ಮ ಅಣ್ಣನ ಮಗ" ಎಂದು ಉತ್ತರಿಸಿದ ಒಬ್ಬರು, ಖಚಿತಪಡಿಸಿಕೊಳ್ಳಲು ಆಧಾರ್ ಕಾರ್ಡಿನ ಎರಡೂ ಬದಿಯ ಚಿತ್ರ ಕೇಳಿದರು. ಊರಿನ ಮನೆಯ ಮುಂದೆ ಯಾವ ಗಿಡವಿದೆ ಎಂದು ಕೇಳಿದೆ, ಮತ್ತೆ ಮಾತಿಲ್ಲ. ನಿಜವಾದ ಬಂಧು ದೇವರು, ಊರು, ಅಜ್ಜಿಯ ಹೆಸರು ಕೇಳುತ್ತಾನೆ, ಆಧಾರ್ ಕೇಳುವುದಿಲ್ಲ. ಹಣ ಹೋಗಿಬಿಟ್ಟರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಬದುಕಿರುವವರ ಹುಟ್ಟಿದ ದಿನಾಂಕ, ತಾಯಿಯ ತವರಿನ ಹೆಸರು ಇವನ್ನು ನಾನು ಯಾವ ತಾಣದಲ್ಲಿಯೂ ಪೂರ್ತಿ ಬರೆದಿಲ್ಲ. ಬ್ಯಾಂಕಿನವರು ಫೋನಿನಲ್ಲಿ ಕೇಳುವುದು ಇವನ್ನೇ.

ನಾನು ಚಿಕ್ಕವಳಿದ್ದಾಗ ಸುಗ್ಗಿಯ ನಂತರ ನಮ್ಮ ಊರಿಗೆ ಹೆಳವ ಬರುತ್ತಿದ್ದ. ಎತ್ತನ್ನು ಬಾಗಿಲಲ್ಲಿ ನಿಲ್ಲಿಸಿ, ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಜೋಳ ಹಾಕಿಸಿಕೊಂಡು ಹೋಗುತ್ತಿದ್ದ. ಯಾವ ತಾಣಕ್ಕೂ ಆ ನಾಲಿಗೆಯ ಓಟ ಬರಲಾರದು. ಆದರೆ ನಮ್ಮ ಮನೆಗೆ ಬರುತ್ತಿದ್ದವನ ಪಟ್ಟಿಯಲ್ಲಿ ನಾನಿರಲಿಲ್ಲ, ನನ್ನ ಅಕ್ಕ ಇರಲಿಲ್ಲ, ನಮ್ಮ ಅವ್ವನೂ ಇರಲಿಲ್ಲ. ಗಂಡುಮಕ್ಕಳ ಹೆಸರಾದ ಕೂಡಲೇ ಪುಸ್ತಕ ಮುಚ್ಚುತ್ತಿದ್ದ. ತಾಣದಲ್ಲಿ ತಂದೆಯ ಚೌಕದ ಪಕ್ಕದಲ್ಲೇ ತಾಯಿಯ ಚೌಕವೂ ಇರುತ್ತದೆ, ಖಾಲಿ ಬಿಟ್ಟರೆ ಖಾಲಿಯಾಗಿಯೇ ಕಾಣುತ್ತಿರುತ್ತದೆ. ಅದನ್ನು ತುಂಬಲೆಂದೇ ಆಯಿಯ ತವರೂರಿಗೆ ಎರಡು ಸಲ ಹೋಗಿ ಬಂದೆ. ಅವರ ಅವ್ವನ ಹೆಸರು ಈಗ ಸಿಕ್ಕಿದೆ, ಅದಕ್ಕಿಂತ ಹಿಂದಿನದು ಇನ್ನೂ ಇಲ್ಲ.

ಕಳೆದ ತಿಂಗಳು ನನಗೂ ಒಂದು ಸಂದೇಶ ಬಂತು, ಕರಾಚಿಯಿಂದ. ನನ್ನ ಪರಿಚಯದಲ್ಲಿ ಕಲಬುರಗಿ, ಬೀದರ ಎಂದು ಕಂಡು ಬರೆದವರು, ಬಂಧುವಲ್ಲ, ಆಗಲು ಸಾಧ್ಯವೂ ಇಲ್ಲ. ಅವರ ಅಜ್ಜಿ ಬೀದರಿನಲ್ಲಿ ಹುಟ್ಟಿ, 1948ರ ನಂತರ ಮನೆಯವರೊಂದಿಗೆ ಆಚೆಗೆ ಹೋದವರು, ಈಗ ತೊಂಬತ್ತರ ಹತ್ತಿರ. ಚೌಬಾರಾದಿಂದ ಮಹಮೂದ್ ಗವಾನನ ಮದರಸಾದ ಕಡೆಗೆ ಹೋಗುವಾಗ ತಮ್ಮ ಗಲ್ಲಿ ಬರುತ್ತಿತ್ತು, ಬಾಗಿಲಿನ ಎದುರು ಬಾವಿ ಇತ್ತು ಎಂದು ಅವರು ಹೇಳುತ್ತಾರಂತೆ. ಪತ್ರದ ಕೊನೆಯಲ್ಲಿ, ಆಸ್ತಿಯ ವಿಷಯ ಏನೂ ಇಲ್ಲ ಎಂದು ಅವರೂ ಬರೆದಿದ್ದರು. ಹೋದ ಶನಿವಾರ ಬೆಳಿಗ್ಗೆಯ ರೈಲಿನಲ್ಲಿ ಬೀದರಕ್ಕೆ ಹೋದೆ. 1472ರ ಆ ಮದರಸಾದ ಉಳಿದಿರುವ ಒಂದು ಮಿನಾರು ಕಾಣುವಷ್ಟು ದೂರದಲ್ಲಿ ಮೂರು ಗಲ್ಲಿಗಳನ್ನು ಸುತ್ತಿದೆ. ಎರಡರಲ್ಲಿ ಬಾವಿ ಇದ್ದ ಗುರುತಿದೆ, ಒಂದರ ಮೇಲೆ ಕಲ್ಲು ಚಪ್ಪಡಿ ಹಾಕಿ ಪಕ್ಕದಲ್ಲಿ ನಳ ಕೂಡಿಸಿದ್ದಾರೆ. ಎರಡೂ ಕಡೆಯ ಚಿತ್ರಗಳನ್ನು ಕಳುಹಿಸಿದ್ದೇನೆ. ಅಜ್ಜಿಯ ಕಣ್ಣಿನ ಆಪರೇಶನ್ ಆಗಿದೆಯಂತೆ, ಪಟ್ಟಿ ಬಿಚ್ಚಿದ ಮೇಲೆ ತೋರಿಸಿ ಬರೆಯುತ್ತೇವೆ ಎಂದಿದ್ದಾರೆ.